ದಿನಸಿ ಕಪಾಟಿನಿಂದ ಇರುವೆ ಓಡಿಸುವುದು: ಯಾವುದು ಮೊದಲು, ಯಾವುದು ಆಮೇಲೆ

"ಸ್ಪ್ರೇ ಹೊಡೆದ್ವಿ, ಎರಡು ದಿನ ಒಂದೂ ಕಾಣಲಿಲ್ಲ. ಈಗ ನೋಡಿದ್ರೆ ಸಿಂಕ್ ಹತ್ರಾನೂ ಸಾಲು, ದೇವರ ಮನೆ ಹತ್ರಾನೂ ಸಾಲು." ಮೈಸೂರು, ಮಂಡ್ಯ ಕಡೆ ಮಳೆ ಶುರುವಾದರೆ ಮನೆ ಮನೆಯಲ್ಲೂ ಇದೇ ಮಾತು. ಹೀಗೆ ಹೇಳುವವರು ಕೆಲಸಕ್ಕೆ ಹಿಂಜರಿದವರಲ್ಲ. ಡಬ್ಬಿ ಒರೆಸಿರುತ್ತಾರೆ, ಗೋಡೆಯ ಸಂದಿ ಮುಚ್ಚಿರುತ್ತಾರೆ, ಅಂಗಡಿಯಿಂದ ಜೆಲ್ ತಂದೂ ಇಟ್ಟಿರುತ್ತಾರೆ. ಆದರೂ ಇರುವೆ ಹೋಗಿರುವುದಿಲ್ಲ. ಮಾಡಿದ ಕೆಲಸಗಳಲ್ಲಿ ಹೆಚ್ಚಿನವು ಸರಿಯೇ. ಮಾಡಿದ ಕ್ರಮ ತಪ್ಪು.

ಸಾಲಿನಲ್ಲಿ ಓಡಾಡುವುದು ಗೂಡಿನ ಒಂದು ಪಾಲು ಮಾತ್ರ. ಮೊಟ್ಟೆ, ಮರಿ, ರಾಣಿ, ಉಳಿದ ಕೆಲಸಗಾರ ಇರುವೆಗಳು ಎಲ್ಲ ಒಳಗಿರುತ್ತವೆ. ಕಾಣುವುದನ್ನು ಕೊಂದರೆ ರಾಣಿ ಮತ್ತೆ ಮೊಟ್ಟೆ ಇಡುತ್ತದೆ, ಅಷ್ಟೇ. ವಿಷವನ್ನು ರಾಣಿಯ ಬಾಯಿಗೆ ತಲುಪಿಸಲು ನಮಗಿರುವ ದಾರಿ ಒಂದೇ: ಸಾಲಿನಲ್ಲಿರುವ ಇರುವೆಗಳೇ ಅದನ್ನು ಹೊತ್ತುಕೊಂಡು ಹೋಗಬೇಕು. ಅವನ್ನು ಮೊದಲೇ ಕೊಂದುಬಿಟ್ಟರೆ ಹೊರುವವರು ಯಾರು? ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೂ ಮುಂದಿನದು ಕೆಲಸ ಮಾಡುವುದಿಲ್ಲ.

ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಟಾರ್ಚ್, ಪೆನ್ಸಿಲ್, ಸೆಲ್ಲೋಟೇಪ್. ಮೆಡಿಕಲ್ ಸ್ಟೋರ್‌ನಿಂದ ಬೋರಿಕ್ ಆಸಿಡ್ ಪುಡಿ. ಎಸೆಯಬಹುದಾದ ಪ್ಲಾಸ್ಟಿಕ್ ಡಬ್ಬಿ ನಾಲ್ಕೈದು, ಹತ್ತಿ, ಹಳೇ ಚಮಚ. ಪಾತ್ರೆ ತೊಳೆಯುವ ಸೋಪು, ಹಳೇ ಬಟ್ಟೆ. ಕೊನೆಯ ಹಂತಕ್ಕೆ ಬಿಳಿ ಸಿಮೆಂಟ್ ಮತ್ತು ಸಿಲಿಕಾನ್ ಟ್ಯೂಬ್. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡೂ ಸಿಗುತ್ತವೆ.

ಕ್ಯಾರಂ ಬೋರ್ಡಿಗೆ ಹಾಕುವ ಪುಡಿ ಮನೆಯಲ್ಲಿದೆ, ಅದೇ ಸಾಕು ಅಲ್ವಾ ಎಂದು ಕೇಳುವವರಿದ್ದಾರೆ. ಕೆಲವು ಪೊಟ್ಟಣಗಳಲ್ಲಿ ಬೋರಿಕ್ ಇರುತ್ತದೆ, ಕೆಲವುಗಳಲ್ಲಿ ಬೇರೆ ಪುಡಿ. ಲೇಬಲ್ ಮೇಲೆ ಬೋರಿಕ್ ಆಸಿಡ್ ಎಂದು ಬರೆದಿರುವುದನ್ನೇ ತನ್ನಿ.

ಹಂತ 1: ಸಾಲನ್ನು ಕೆಡಿಸದೆ ನೋಡಿ

ಇರುವೆ ಕಂಡ ತಕ್ಷಣ ಬಟ್ಟೆ ತೆಗೆದುಕೊಳ್ಳಬೇಡಿ. ಮೊದಲ ದಿನ ಒರೆಸುವುದೂ ಇಲ್ಲ, ಹೊಡೆಯುವುದೂ ಇಲ್ಲ. ಬೆಳಗ್ಗೆ ಒಮ್ಮೆ, ರಾತ್ರಿ ಅಡುಗೆ ಮನೆ ದೀಪ ಆರಿಸಿದ ಒಂದು ಗಂಟೆಯ ಮೇಲೆ ಒಮ್ಮೆ ಟಾರ್ಚ್ ಹಿಡಿದು ನೋಡಿ.

ನೋಡಬೇಕಾದ್ದು ಎರಡು. ಏನನ್ನು ಹೊತ್ತುಕೊಂಡು ಹೋಗುತ್ತಿವೆ? ಯಾವ ಸಂದಿಯೊಳಗೆ ಮಾಯವಾಗುತ್ತಿವೆ? ಬರುವ ಇರುವೆಗಿಂತ ಹಿಂತಿರುಗುವ ಇರುವೆಯ ಹಿಂದೆ ಹೋಗಿ. ಅದು ನೇರವಾಗಿ ಗೂಡಿನ ಕಡೆ ನಡೆಯುತ್ತದೆ. ಸಾಲು ಮುರಿಯದ ಹಾಗೆ ಗೋಡೆಯ ಮೇಲೆ ಪೆನ್ಸಿಲ್‌ನಿಂದ ಚಿಕ್ಕ ಗುರುತು ಹಾಕುತ್ತಾ ಬನ್ನಿ.

ನಮ್ಮ ಕಡೆಯ ಮನೆಗಳಲ್ಲಿ ಇರುವೆ ಒಳಬರುವ ಜಾಗಗಳು ಹೆಚ್ಚು ಕಡಿಮೆ ಇವೇ: ಕಡಪ ಕಲ್ಲಿನ ಶೆಲ್ಫ್ ಗೋಡೆಗೆ ಸೇರುವ ಗೆರೆ, ಸಿಂಕ್ ಪೈಪ್ ಗೋಡೆಯೊಳಗೆ ಹೋಗುವ ತೂತು, ಕಿಟಕಿ ಚೌಕಟ್ಟಿನ ಮೂಲೆ, ಸ್ವಿಚ್ ಬೋರ್ಡ್, ಗ್ಯಾಸ್ ಪೈಪ್ ಬರುವ ಕಿಂಡಿ. ಹಳೇ ಹೆಂಚಿನ ಮನೆಯಾದರೆ ಕೆಂಪು ಗಾರೆ ನೆಲ ಬಿರುಕು ಬಿಟ್ಟಲ್ಲಿ, ಮರದ ತೊಲೆ ಗೋಡೆಗೆ ಕೂರುವಲ್ಲಿ.

ಸ್ವಿಚ್ ಬೋರ್ಡ್‌ನಿಂದ ಬರುತ್ತಿದ್ದರೆ ಅಲ್ಲಿ ನೀರು, ಸ್ಪ್ರೇ, ಸೋಪು ಯಾವುದೂ ಬೇಡ. ಬೋರ್ಡ್ ಬಿಚ್ಚಬೇಕಾದರೆ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

ಸಾಲಿನಲ್ಲಿ ಬಿಳಿ ಕಾಳಿನಂಥದ್ದನ್ನು ಕಚ್ಚಿಕೊಂಡು ಹೋಗುತ್ತಿದ್ದರೆ ಅದು ಆಹಾರವಲ್ಲದೇ ಇರಬಹುದು. ಗೂಡು ಜಾಗ ಬದಲಿಸುವಾಗ ಇರುವೆಗಳು ಮೊಟ್ಟೆ, ಮರಿ, ಕೋಶ ಹೊತ್ತು ಸಾಗಿಸುತ್ತವೆ. ಹಾಗಿದ್ದರೆ ಅವು ಈಗಷ್ಟೇ ನಿಮ್ಮ ಗೋಡೆಗೆ ವಾಸಕ್ಕೆ ಬರುತ್ತಿವೆ. ಜೋರು ಮಳೆಯ ಮರುದಿನ ಇದು ಸಾಮಾನ್ಯ.

ಹಂತ 2: ಯಾವ ಇರುವೆ ಎಂದು ಗುರುತಿಸಿ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಇರುವೆ ಅಂದರೆ ಇರುವೆ ಎಂದುಕೊಳ್ಳುತ್ತಾರೆ. ಆದರೆ ಸಕ್ಕರೆಗೆ ಬೀಳುವ ಇರುವೆಗೂ ಕೊಬ್ಬರಿಗೆ ಬೀಳುವ ಇರುವೆಗೂ ಒಂದೇ ಬೈಟ್, ಅಂದರೆ ವಿಷ ಬೆರೆಸಿದ ತಿನಿಸು, ನಡೆಯುವುದಿಲ್ಲ. ಸೆಲ್ಲೋಟೇಪ್ ಚೂರಿಗೆ ನಾಲ್ಕೈದು ಇರುವೆ ಅಂಟಿಸಿ ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದರೆ ಸಾಕು.

*ಕಂಡೂ ಕಾಣದಷ್ಟು ಸಣ್ಣದು, ತಲೆ ಕಪ್ಪು, ಹಿಂಭಾಗ ಮಸುಕು.* ಉದ್ದ ಸುಮಾರು ಒಂದೂವರೆ ಮಿಲಿಮೀಟರ್. ಇದಕ್ಕೆ ಗೋಸ್ಟ್ ಆಂಟ್ ಎನ್ನುತ್ತಾರೆ. ಬೆರಳಲ್ಲಿ ಉಜ್ಜಿದರೆ ಕೆಟ್ಟ ಕೊಬ್ಬರಿಯ ಥರ ವಾಸನೆ ಬರುತ್ತದೆ. ಸಿಹಿ ಎಂದರೆ ಪ್ರಾಣ.

*ಸಣ್ಣದು, ಮೈ ಪೂರ್ತಿ ಹಳದಿ ಮಿಶ್ರಿತ ಕಂದು, ಹಿಂಭಾಗದ ತುದಿ ಸ್ವಲ್ಪ ಕಪ್ಪು.* ಸುಮಾರು ಎರಡು ಮಿಲಿಮೀಟರ್. ಇದು ಫೇರೋ ಇರುವೆ. ಎಣ್ಣೆ, ತುಪ್ಪ, ಕಡಲೆಕಾಯಿ ಬೀಜ, ಸಿಹಿ ಎಲ್ಲವನ್ನೂ ತಿನ್ನುತ್ತದೆ, ರುಚಿಯನ್ನು ಆಗಾಗ ಬದಲಿಸುತ್ತದೆ.

ಈ ಎರಡು ಜಾತಿಗಳ ಬಗ್ಗೆ ವಿಶೇಷ ಎಚ್ಚರಿಕೆ. ಒಂದೇ ಗೂಡಿನಲ್ಲಿ ಹಲವು ರಾಣಿಗಳಿರುತ್ತವೆ. ಸ್ಪ್ರೇ ಬಿದ್ದು ಗಾಬರಿಯಾದರೆ ಗೂಡು ಒಡೆಯುತ್ತದೆ. ಕೆಲವು ಇರುವೆಗಳು ಒಂದು ರಾಣಿಯನ್ನೋ ಸ್ವಲ್ಪ ಮರಿಗಳನ್ನೋ ಕರೆದುಕೊಂಡು ಬೇರೆ ಸಂದಿಗೆ ಹೋಗಿ ಹೊಸ ಸಂಸಾರ ಹೂಡುತ್ತವೆ. ಸ್ಪ್ರೇ ಹೊಡೆದ ಮೇಲೆ ಒಂದು ಸಾಲು ಎರಡಾಯಿತು ಎನ್ನುವವರ ಮನೆಯಲ್ಲಿ ನಡೆದಿರುವುದು ಬಹುಪಾಲು ಇದೇ.

*ಕಪ್ಪು, ಕಾಲು ಉದ್ದ, ಸಾಲು ಬಿಟ್ಟು ಅಡ್ಡಾದಿಡ್ಡಿ ಓಡುವುದು.* ಎರಡೂವರೆ, ಮೂರು ಮಿಲಿಮೀಟರ್. ಕ್ರೇಜಿ ಆಂಟ್ ಎಂಬುದು ಇದರ ಹೆಸರು. ಗೂಡು ಸಾಮಾನ್ಯವಾಗಿ ಮನೆಯ ಹೊರಗೆ, ಹೂಕುಂಡದ ಕೆಳಗೆ, ಇಟ್ಟಿಗೆ ರಾಶಿಯಲ್ಲಿ ಇರುತ್ತದೆ. ಇದಕ್ಕೆ ಒಳಗಿನ ಬೈಟ್ ಒಂದೇ ಸಾಲದು, ಹಂತ 8 ಮುಖ್ಯ.

*ಕೆಂಪಿರುವೆ, ಕಚ್ಚಿದರೆ ಉರಿ.* ಒಂದೇ ಸಾಲಿನಲ್ಲಿ ಚಿಕ್ಕವೂ ಇರುತ್ತವೆ, ದೊಡ್ಡ ತಲೆಯವೂ ಇರುತ್ತವೆ. ಅಂಗಳದ ಮಣ್ಣಿನಲ್ಲಿ ಗೂಡು. ಕಾಳು, ಎಣ್ಣೆ ಅಂಶ, ಸತ್ತ ಹುಳ ಇಷ್ಟ. ಇದು ಕಚ್ಚಿದ ಮೇಲೆ ಯಾರಿಗಾದರೂ ಮುಖ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

*ಗೊದ್ದ.* ದೊಡ್ಡ ಕರಿ ಇರುವೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ರಾತ್ರಿ ಓಡಾಟ ಜಾಸ್ತಿ, ಗೂಡು ಮರದ ಬುಡದಲ್ಲಿ. ಒಳಗೆ ಬಂದು ಹೋಗುತ್ತದೆಯೇ ಹೊರತು ಕಪಾಟಿನಲ್ಲಿ ನೆಲೆಸುವುದು ಕಡಿಮೆ. ಇದಕ್ಕೆ ವಿಷ ಬೇಡ, ದಾರಿ ಮುಚ್ಚಿದರೆ ಸಾಕು.

ರೆಕ್ಕೆ ಇರುವ ಹುಳ ಕಂಡರೆ ನಿಂತು ನೋಡಿ. ಸೊಂಟ ಸಣ್ಣಗಿದ್ದು, ಮೀಸೆ ಮಡಚಿದಂತಿದ್ದು, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ದೊಡ್ಡದಿದ್ದರೆ ಇರುವೆ. ಸೊಂಟವೇ ಇಲ್ಲದಂತೆ ದಪ್ಪಗಿದ್ದು ನಾಲ್ಕೂ ರೆಕ್ಕೆ ಒಂದೇ ಅಳತೆ ಇದ್ದರೆ ಅದು ಗೆದ್ದಲು. ಗೆದ್ದಲಿನದು ಬೇರೆಯೇ ಕೆಲಸ, ಈ ಬೈಟ್ ಅದಕ್ಕೆ ಉಪಯೋಗವಿಲ್ಲ.

ಹಂತ 3: ಬೇರೆ ತಿನಿಸು ಸಿಗದಂತೆ ಮಾಡಿ

ಪಕ್ಕದಲ್ಲೇ ಬೆಲ್ಲದ ಅಚ್ಚು ಬಿಚ್ಚಿಟ್ಟು ಬೈಟ್ ಇಟ್ಟರೆ ಇರುವೆ ಬೆಲ್ಲಕ್ಕೇ ಹೋಗುತ್ತದೆ. ಬೈಟ್ ಇಡುವ ಮುನ್ನ ಅಡುಗೆ ಮನೆಯಲ್ಲಿ ಅವಕ್ಕೆ ಸಿಗುವ ಬೇರೆಲ್ಲ ತಿನಿಸು ನಿಲ್ಲಬೇಕು.

ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಹೀರಿ ನೀರು ಬಿಡುತ್ತದೆ. ಕಾಗದ, ಪ್ಲಾಸ್ಟಿಕ್ ಕವರ್ ದಾಟಿ ಪಾಕ ಶೆಲ್ಫಿಗೆ ಅಂಟುತ್ತದೆ. ಡಬ್ಬಿ ಎತ್ತಿ ನೋಡಿದರೆ ತಳದಲ್ಲಿ ಕಂದು ಗೆರೆ ಇರುತ್ತದೆ. ಜೇನುತುಪ್ಪದ ಬಾಟಲಿಯ ತಿರುಪು, ಎಣ್ಣೆ ಕ್ಯಾನಿನ ಬಾಯಿ, ತುಪ್ಪದ ಡಬ್ಬಿಯ ಅಂಚು, ಮಿಕ್ಸಿಯ ತಳ, ಗ್ಯಾಸ್ ಸ್ಟವ್ ಕೆಳಗೆ ಉಕ್ಕಿ ಒಣಗಿದ ಹಾಲು, ಫ್ರಿಜ್ ಬಾಗಿಲಿನ ರಬ್ಬರ್, ಇವನ್ನೆಲ್ಲ ಬಿಸಿ ನೀರಿನ ಬಟ್ಟೆಯಲ್ಲಿ ಒರೆಸಿ. ಇರುವೆ ಸಾಲು ಇರುವ ಗೆರೆಯನ್ನು ಮಾತ್ರ ಈಗ ಮುಟ್ಟಬೇಡಿ.

ದೇವರ ಮನೆ ಮರೆಯುವವರು ಬಹಳ. ದೀಪದಿಂದ ಚೆಲ್ಲಿದ ಎಣ್ಣೆ, ಬತ್ತಿಯ ತುಣುಕು, ನೈವೇದ್ಯದ ಸಕ್ಕರೆ ಕಾಳು, ಪಂಚಾಮೃತದ ಹನಿ, ಒಡೆದ ತೆಂಗಿನಕಾಯಿ. ಕಪಾಟಿನ ಇರುವೆಗೆ ಮೂಲ ಎಷ್ಟೋ ಮನೆಗಳಲ್ಲಿ ಇಲ್ಲಿರುತ್ತದೆ. ಪೂಜೆ ಮುಗಿದ ಮೇಲೆ ದೀಪದ ತಟ್ಟೆ ಒರೆಸಿಡುವುದನ್ನು ಕನಿಷ್ಠ ಈ ಒಂದು ತಿಂಗಳು ತಪ್ಪಿಸಬೇಡಿ.

ಇನ್ನು ಡಬ್ಬಿಗಳು. ನಮ್ಮ ಸ್ಟೀಲ್ ಡಬ್ಬಿಗಳ ಮುಚ್ಚಳ ಬಿಗಿಯಾಗಿ ಕಂಡರೂ ಒಂದೂವರೆ ಮಿಲಿಮೀಟರ್ ಇರುವೆಗೆ ಅದು ಹೆಬ್ಬಾಗಿಲು. ಒಂದು ಪರೀಕ್ಷೆ ಮಾಡಿ. ಖಾಲಿ ಡಬ್ಬಿಗೆ ಅರ್ಧ ನೀರು ಹಾಕಿ, ಮುಚ್ಚಿ, ಸಿಂಕ್ ಮೇಲೆ ತಲೆಕೆಳಗೆ ಹಿಡಿಯಿರಿ. ನೀರು ಸೋರಿದರೆ ಇರುವೆಯೂ ನುಗ್ಗಬಹುದು. ಸೋರದ ಡಬ್ಬಿಗಳನ್ನು ಸಕ್ಕರೆ, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ, ಚಟ್ನಿ ಪುಡಿಗೆ ಮೀಸಲಿಡಿ. ಅಕ್ಕಿ, ರಾಗಿ, ಬೇಳೆಗೆ ಇಷ್ಟು ಬಿಗಿ ಬೇಕಿಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲ ಕಲಸಿಟ್ಟ ದಿನಗಳಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಬಿಗಿ ಡಬ್ಬಿ ಸಾಲದಿದ್ದರೆ ಅಜ್ಜಿಯರು ಮಾಡುತ್ತಿದ್ದ ಉಪಾಯ ಈಗಲೂ ಸರಿ: ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಪಾತ್ರೆ ಇಡುವುದು. ಆ ನೀರಿಗೆ ಒಂದು ತೊಟ್ಟು ಪಾತ್ರೆ ಸೋಪು ಬೆರೆಸಿ. ಸುಮ್ನೆ ನೀರಿದ್ದರೆ ಹಗುರ ಇರುವೆಗಳು ಮೇಲೇ ತೇಲಿ ದಾಟಬಹುದು. ಸೋಪು ಇದ್ದರೆ ಮುಳುಗುತ್ತವೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ಜಾಗ ಮಾಡಿಕೊಟ್ಟಂತೆ.

ಈಗಾಗಲೇ ಇರುವೆ ಬಿದ್ದ ಸಕ್ಕರೆ, ರವೆಯನ್ನು ಅಗಲ ತಟ್ಟೆಯಲ್ಲಿ ಹರಡಿ ಬಿಸಿಲಿಗಿಡಿ. ಅರ್ಧ ಗಂಟೆಯಲ್ಲಿ ಹೆಚ್ಚಿನವು ಹೋಗುತ್ತವೆ, ಉಳಿದದ್ದನ್ನು ಜರಡಿ ಹಿಡಿಯಿರಿ. ಸ್ಪ್ರೇಯೋ ಇರುವೆ ಚಾಕ್ ಪುಡಿಯೋ ತಾಗಿದ ದಿನಸಿಯನ್ನು ಉಳಿಸಲು ಹೋಗಬೇಡಿ. ಎಸೆಯಿರಿ.

ಹಂತ 4: ಬೈಟ್‌ಗೆ ಮುನ್ನ ರುಚಿ ನೋಡಿಸಿ

ವಿಷ ಬೆರೆಸುವ ಮೊದಲು ಸಾಲಿನ ಪಕ್ಕ ಎರಡು ಚಿಕ್ಕ ಕಾಗದ ಇಡಿ. ಒಂದರ ಮೇಲೆ ಎರಡು ಹನಿ ಸಕ್ಕರೆ ನೀರು, ಇನ್ನೊಂದರ ಮೇಲೆ ಜಜ್ಜಿದ ಕಡಲೆಕಾಯಿ ಬೀಜ ಚಿಟಿಕೆಯಷ್ಟು. ಎರಡು ಗಂಟೆ ಬಿಡಿ. ಯಾವುದಕ್ಕೆ ಜಾಸ್ತಿ ಮುತ್ತಿಕೊಂಡವೋ ಆ ಬೈಟ್ ಮಾಡಿ. ಎರಡಕ್ಕೂ ಬಂದರೆ ಎರಡನ್ನೂ ಇಡಿ.

ಹಂತ 5: ಬೈಟ್ ಕಲಸಿ ಇಡಿ

ಸಿಹಿ ಬೈಟ್‌ಗೆ 100 ಮಿ.ಲೀ. ಬೆಚ್ಚಗಿನ ನೀರು, ಎರಡೂವರೆ ಟೀ ಚಮಚ ಸಕ್ಕರೆ, ಕಾಲು ಟೀ ಚಮಚ ಬೋರಿಕ್ ಆಸಿಡ್. ಚಮಚದ ಮೇಲೆ ಗೋಪುರ ಮಾಡದೆ ಮಟ್ಟವಾಗಿ ಅಳೆಯಿರಿ. ಕಾಲು ಚಮಚ ಎಂದರೆ ಸುಮಾರು ಒಂದು ಗ್ರಾಂ, ಅಂದರೆ ನೀರಿನ ನೂರನೇ ಒಂದು ಪಾಲು. ಪುಡಿ ತಡವಾಗಿ ಕರಗುತ್ತದೆ, ತಳದಲ್ಲಿ ಏನೂ ಉಳಿಯದ ತನಕ ಕಲಕಿ.

ಎಣ್ಣೆ ಬೈಟ್‌ಗೆ ಎರಡು ಟೇಬಲ್ ಚಮಚದಷ್ಟು ನುಣ್ಣಗೆ ಅರೆದ ಕಡಲೆಕಾಯಿ ಬೀಜ, ಅದಕ್ಕೆ ಕಾಲು ಟೀ ಚಮಚದ ಅರ್ಧದಷ್ಟು ಬೋರಿಕ್. ಚೆನ್ನಾಗಿ ಮಿದ್ದು ಕಲಸಿ.

ಜನ ಸೋಲುವುದು ಈ ಅಳತೆಯಲ್ಲೇ. "ಸ್ವಲ್ಪ ಜಾಸ್ತಿ ಹಾಕಿದರೆ ಬೇಗ ಸಾಯುತ್ತವೆ" ಎಂದು ಒಂದು ಚಮಚ ಸುರಿಯುತ್ತಾರೆ. ಬೇಗ ಸಾಯಬಾರದು. ಇರುವೆ ಕುಡಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋಗಿ ಗೂಡಿನಲ್ಲಿ ಬಾಯಿಂದ ಬಾಯಿಗೆ ಹಂಚುತ್ತದೆ. ಮರಿಗಳಿಗೆ, ರಾಣಿಗೆ ತಲುಪುವುದು ಹಾಗೆ. ಅಷ್ಟು ದಿನ ಅದು ಬದುಕಿರಬೇಕು. ಬೈಟ್ ಡಬ್ಬಿಯ ಸುತ್ತಲೇ ಇರುವೆ ಸತ್ತು ಬಿದ್ದಿದ್ದರೆ ವಿಷ ಹೆಚ್ಚಾಗಿದೆ ಎಂದೇ ಅರ್ಥ. ಚೆಲ್ಲಿ, ಹೊಸದಾಗಿ ಕಲಸಿ.

ಚಿಕ್ಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಹಿ ನೀರಿನಲ್ಲಿ ಅದ್ದಿದ ಹತ್ತಿ ಇಡಿ. ಡಬ್ಬಿಯ ಪಕ್ಕಕ್ಕೆ ಕಾದ ಸೂಜಿಯಿಂದ ನಾಲ್ಕು ತೂತು ಮಾಡಿ ಮುಚ್ಚಳ ಹಾಕಿ. ಸಾಲಿನ ಮೇಲಲ್ಲ, ಸಾಲಿನ ಪಕ್ಕಕ್ಕೆ ತಾಗಿಸಿ ಇಡಿ. ನೀವು ಪೆನ್ಸಿಲ್ ಗುರುತು ಹಾಕಿದ ಸಂದಿಯ ಹತ್ತಿರ ಇದ್ದಷ್ಟೂ ಒಳ್ಳೆಯದು. ದಿನಸಿ ಡಬ್ಬಿಗಳ ನಡುವೆ ಖಂಡಿತ ಬೇಡ.

ಬೋರಿಕ್ ಆಸಿಡ್ ಮನುಷ್ಯರಿಗೂ ವಿಷವೇ. ನೋಡಲು ಸಕ್ಕರೆ ಪುಡಿ, ಉಪ್ಪಿನ ಹಾಗೆಯೇ ಇರುತ್ತದೆ. ಅಡುಗೆ ಪಾತ್ರೆಯಲ್ಲಿ ಕಲಸಬೇಡಿ, ಬಳಸಿದ ಚಮಚ ಎಸೆಯಿರಿ, ಉಳಿದ ಪುಡಿ ಮತ್ತು ಪ್ರತಿ ಬೈಟ್ ಡಬ್ಬಿಯ ಮೇಲೆ ದೊಡ್ಡದಾಗಿ "ವಿಷ" ಎಂದು ಬರೆಯಿರಿ. ಮಗುವಿನ, ನಾಯಿಯ, ಬೆಕ್ಕಿನ ಬಾಯಿಗೆ ಎಟುಕದ ಜಾಗವೇ ಆಗಬೇಕು. ತೆವಳುವ ಮಗು ಇರುವ ಮನೆಯಲ್ಲಿ ನೆಲದ ಮೇಲೆ ಇಡುವ ಮಾತೇ ಇಲ್ಲ. ಯಾರಾದರೂ ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಪೊಟ್ಟಣ ಕೈಯಲ್ಲಿ ಹಿಡಿದು ತಕ್ಷಣ ಹೊರಡಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಅಥವಾ ಹತ್ತಿರದ ಯಾವುದೇ ಆಸ್ಪತ್ರೆ. ಆಂಬುಲೆನ್ಸ್‌ಗೆ 108.

ಹಂತ 6: ಕಾಯಿರಿ

ಮೊದಲ ದಿನ ಇರುವೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ನೂರು ಇದ್ದದ್ದು ಐನೂರು ಆದಂತೆ ಕಾಣುತ್ತದೆ. ಇಲ್ಲಿ ಎದೆಗುಂದಿ ಸ್ಪ್ರೇ ಎತ್ತಿಕೊಂಡವರು ಎಷ್ಟೋ ಜನ. ದಯವಿಟ್ಟು ಬೇಡ. ಬೈಟ್ ಇಷ್ಟವಾಗಿದೆ, ಸುದ್ದಿ ಗೂಡಿಗೆ ಮುಟ್ಟಿದೆ ಎನ್ನುವುದಕ್ಕೆ ಇದೇ ಸಾಕ್ಷಿ.

ನಾಲ್ಕೈದು ದಿನದಲ್ಲಿ ಸಾಲು ತೆಳ್ಳಗಾಗಬೇಕು. ಗೋಸ್ಟ್ ಆಂಟ್, ಫೇರೋ ಇರುವೆಗೆ ಎರಡು ಮೂರು ವಾರ ಹಿಡಿಯಬಹುದು, ಕೆಲವೊಮ್ಮೆ ಇನ್ನೂ ಹೆಚ್ಚು. ಎರಡು ದಿನಕ್ಕೊಮ್ಮೆ ಹತ್ತಿ ಬದಲಿಸಿ. ನೀರು ಆವಿಯಾದರೆ ಪಾಕ ಗಟ್ಟಿಯಾಗುತ್ತದೆ, ವಿಷವೂ ಗಟ್ಟಿಯಾಗುತ್ತದೆ, ಇರುವೆ ಮುಟ್ಟುವುದಿಲ್ಲ. ಇದ್ದಕ್ಕಿದ್ದಂತೆ ಬೈಟ್ ಕಡೆ ಬರುವುದು ನಿಂತು, ಆದರೆ ಮನೆಯಲ್ಲಿ ಇರುವೆ ಇನ್ನೂ ಓಡಾಡುತ್ತಿದ್ದರೆ ಅವುಗಳ ರುಚಿ ಬದಲಾಗಿದೆ. ಹಂತ 4 ಮತ್ತೆ ಮಾಡಿ. ಇಷ್ಟು ದಿನವೂ ಸಾಲಿನ ಹತ್ತಿರ ಫಿನಾಯಿಲ್, ವಿನೆಗರ್ ಹಾಕಬೇಡಿ. ವಾಸನೆಗೆ ದಾರಿ ತಪ್ಪಿದರೆ ಬೈಟ್ ತನಕ ಬರುವುದಿಲ್ಲ.

ಅರಿಶಿನ, ಲವಂಗ, ಕರ್ಪೂರ, ಮೆಣಸಿನ ಪುಡಿ ಬಗ್ಗೆ ಕೇಳುತ್ತಾರೆ. ಇವು ಇರುವೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಸುತ್ತವೆ, ಗೂಡನ್ನು ಏನೂ ಮಾಡುವುದಿಲ್ಲ. ಬೈಟ್ ಇಟ್ಟ ವಾರಗಳಲ್ಲಿ ಇವೂ ಬೇಡ.

ಹಂತ 7: ಈಗ ಒರೆಸಿ, ಈಗ ಮುಚ್ಚಿ

ಪೂರ್ತಿ ಮೂರು ದಿನ ಒಂದೂ ಇರುವೆ ಕಾಣದಿದ್ದರೆ ಬೈಟ್ ತೆಗೆಯಿರಿ. ಇರುವೆಗಳು ನಡೆದ ದಾರಿಯಲ್ಲಿ ವಾಸನೆಯ ಗುರುತು ಬಿಟ್ಟಿರುತ್ತವೆ. ಸೋಪು ನೀರಿನಿಂದ ಎರಡು ಸಲ ಉಜ್ಜಿ ತೆಗೆಯಿರಿ. ಗ್ರಾನೈಟ್ ಅಥವಾ ಕಡಪ ಕಲ್ಲಿನ ಮೇಲೆ ವಿನೆಗರ್, ನಿಂಬೆ ರಸ ಬೇಡ. ಹುಳಿ ಕಲ್ಲಿನ ಹೊಳಪು ಕೆಡಿಸಬಹುದು.

ಆಮೇಲೆ ಸಂದಿ. ಒಣಗಿದ ಗೋಡೆಯ ಬಿರುಕಿಗೆ ಬಿಳಿ ಸಿಮೆಂಟ್. ಸಿಂಕ್ ಪೈಪ್ ಸುತ್ತ, ಶೆಲ್ಫ್ ಗೋಡೆ ಸೇರುವಲ್ಲಿ, ಕಿಟಕಿ ಮೂಲೆಗೆ ಸಿಲಿಕಾನ್. ಜಾಗ ಒದ್ದೆ ಇದ್ದರೆ ಸಿಲಿಕಾನ್ ಹಿಡಿಯುವುದಿಲ್ಲ, ಒಂದು ರಾತ್ರಿ ಒಣಗಲು ಬಿಡಿ. ಗೂಡು ಜೀವಂತ ಇರುವಾಗಲೇ ಸಂದಿ ಮುಚ್ಚಿದವರಿಗೆ ಏನಾಗುತ್ತದೆ ಗೊತ್ತಾ? ಇರುವೆ ಗೋಡೆಯೊಳಗೇ ಸುತ್ತಿ ಮಲಗುವ ಕೋಣೆಯ ಸ್ವಿಚ್ ಬೋರ್ಡ್‌ನಿಂದ ಹೊರಬರುತ್ತದೆ. ಮುಚ್ಚುವ ಕೆಲಸವನ್ನು ಇಷ್ಟು ತಡವಾಗಿ ಇಟ್ಟಿರುವುದು ಅದಕ್ಕೇ.

ಹಂತ 8: ಮನೆಯ ಸುತ್ತ

ಹಿತ್ತಲಿನ ದಾಸವಾಳ, ಸೀಬೆ, ಮಾವಿನ ಕೊಂಬೆ ಗೋಡೆಗೋ ಕಿಟಕಿಗೋ ತಾಗುತ್ತಿದ್ದರೆ ಕತ್ತರಿಸಿ. ದಾಸವಾಳದ ಚಿಗುರಿನಲ್ಲಿ ಬಿಳಿ ಹಿಟ್ಟು ತಿಗಣೆ ಇದ್ದರೆ ಇರುವೆ ಬರುವುದು ನಿಲ್ಲುವುದಿಲ್ಲ. ಅವು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾವಲು ಕಾಯುತ್ತವೆ. ಚಿಗುರನ್ನು ಸೋಪು ನೀರಿನಿಂದ ಜೋರಾಗಿ ತೊಳೆಯಿರಿ, ವಿಪರೀತ ಇದ್ದರೆ ಆ ರೆಂಬೆ ಕತ್ತರಿಸಿ. ಹೂಕುಂಡ, ಹಳೇ ಇಟ್ಟಿಗೆ, ಸೌದೆ ರಾಶಿಯನ್ನು ಅಡುಗೆ ಮನೆಯ ಗೋಡೆಯಿಂದ ದೂರ ಸರಿಸಿ.

ಮೈಸೂರಿನಲ್ಲಿ ಮೇ ತಿಂಗಳ ಗುಡುಗು ಮಳೆ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಮಂಡ್ಯದ ನಾಲೆ ಬಯಲಿನಲ್ಲಿ ಗದ್ದೆಗೆ ನೀರು ಬಿಟ್ಟಾಗಲೂ ನೆಲ ನೆನೆಯುತ್ತದೆ. ಗೂಡಿಗೆ ನೀರು ನುಗ್ಗಿದರೆ ಇರುವೆ ಒಣ ಜಾಗ ಹುಡುಕುತ್ತದೆ, ಅದು ನಿಮ್ಮ ಗೋಡೆ. ಹೊರಗಿನ ಗೋಡೆಯ ಬುಡವನ್ನು ಮಳೆಗೆ ಮುಂಚೆಯೇ ನೋಡಿ, ಬಿರುಕು ಮುಚ್ಚಿ. ಹಿತ್ತಲಿನ ದೂರದ ಮೂಲೆಯ ಗೂಡುಗಳನ್ನು ಅವುಗಳ ಪಾಡಿಗೆ ಬಿಡಿ. ಅವು ಗೆದ್ದಲನ್ನೂ ಹುಳಗಳನ್ನೂ ತಿನ್ನುತ್ತವೆ, ನಮಗೆ ಉಪಕಾರವೇ.

ಅಡುಗೆ ಮನೆಗೆ ತರಲೇಬಾರದ್ದು

ಕಬ್ಬು, ಭತ್ತಕ್ಕೆ ತಂದು ಉಳಿದ ಔಷಧಿಯನ್ನು ಕಪಾಟಿಗೆ ಹಾಕುವ ಅಭ್ಯಾಸ ಹಳ್ಳಿ ಮನೆಗಳಲ್ಲಿ ಇನ್ನೂ ಇದೆ. ಕ್ಲೋರ್‌ಪೈರಿಫಾಸ್‌ನಂಥ ಹೊಲದ ಔಷಧಿ ತಿನ್ನುವ ಪದಾರ್ಥದ ಹತ್ತಿರ ಬರಲೇಬಾರದು. ಹಳೇ ಡಬ್ಬದಲ್ಲಿ ಗ್ಯಾಮಾಕ್ಸಿನ್ ಪುಡಿ ಉಳಿದಿದ್ದರೆ ಮುಟ್ಟಬೇಡಿ. ಬಿಎಚ್‌ಸಿ ಎಂಬ ಆ ಪುಡಿ ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧವಾಗಿದೆ. ಇರುವೆ ಚಾಕ್ ಗೆರೆಯನ್ನೂ ಡಬ್ಬಿ ಇಡುವ ಶೆಲ್ಫ್ ಮೇಲೆ ಎಳೆಯಬೇಡಿ. ಅದು ಕೀಟನಾಶಕ, ಬರಿ ಸೀಮೆಸುಣ್ಣ ಅಲ್ಲ. ಪುಡಿ ಉದುರಿ ಕೈಗೂ ಡಬ್ಬಿಗೂ ಹತ್ತುತ್ತದೆ.

ಪೆಸ್ಟ್ ಕಂಟ್ರೋಲ್‌ನವರನ್ನು ಯಾವಾಗ ಕರೆಯಬೇಕು

ಎರಡೂ ಬೈಟ್ ಸರಿಯಾಗಿ ಇಟ್ಟು ಒಂದು ತಿಂಗಳಾದರೂ ಸಾಲು ತೆಳ್ಳಗಾಗದಿದ್ದರೆ ಕರೆಯಿರಿ. ಅಪಾರ್ಟ್‌ಮೆಂಟ್ ಆಗಿದ್ದು ಮೇಲಿನ, ಕೆಳಗಿನ ಮನೆಯವರಿಗೂ ಇದೇ ಕಾಟ ಇದ್ದರೆ ಒಂದು ಮನೆಯವರು ಮಾಡಿ ಪ್ರಯೋಜನವಿಲ್ಲ, ಎಲ್ಲರೂ ಒಂದೇ ವಾರ ಮಾಡಿಸಬೇಕು. ಫೋನಿನಲ್ಲೇ ಕೇಳಿ: ಸ್ಪ್ರೇ ಹೊಡೀತೀರಾ, ಇರುವೆಗೆಂದೇ ಇರುವ ಜೆಲ್ ಬೈಟ್ ಇಡ್ತೀರಾ? ಔಷಧಿಯ ಹೆಸರೇನು? ಎರಡನೇ ಸಲ ಬಂದು ನೋಡ್ತೀರಾ? ಇರುವೆಯ ಜಾತಿ ನೋಡದೆ ಮನೆಯೆಲ್ಲ ಸ್ಪ್ರೇ ಎನ್ನುವವರು ಬೇಡ. ನೀವು ಸೆಲ್ಲೋಟೇಪ್‌ಗೆ ಅಂಟಿಸಿಟ್ಟ ಇರುವೆಯನ್ನು ಅವರಿಗೆ ತೋರಿಸಿ, ಮತ್ತು ಅವರು ಬರುವ ಮುನ್ನ ಕಪಾಟಿನ ಡಬ್ಬಿಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ ಬಟ್ಟೆ ಹೊದಿಸಿಡಿ.